ಹಳೆಯ ರಷ್ಯನ್ ಸಾಲಪತ್ರವನ್ನು ಓದುವುದು ಹೇಗೆ

ಮಗಳ ಬಾಣಂತನಕ್ಕೆಂದು ಬೆಲ್ಜಿಯಂನ ಲಿಯೇಜ್ ಊರಿಗೆ ಹೋಗಿದ್ದೆ. ಅಲ್ಲಿ ಮ್ಯೂಸ್ ನದಿಯ ದಂಡೆಯಲ್ಲಿ ಪ್ರತಿ ಭಾನುವಾರ ಸಂತೆ ಕೂಡುತ್ತದೆ. ಲಾ ಬಾಟ್ ಅಂತ ಅದರ ಹೆಸರು. ತರಕಾರಿ, ಚೀಸ್, ಬಟ್ಟೆಗಳ ನಡುವೆ ಹಳೆ ಕಾಗದ ಮಾರುವವರೂ ಕೂತಿರುತ್ತಾರೆ. ಒಂದು ಟೇಬಲ್ ಮೇಲೆ ಎರಡು ತಲೆಯ ಹಕ್ಕಿ ಕಂಡಿತು. ನಮ್ಮ ಗಂಡಭೇರುಂಡ ಇಲ್ಲಿಗೆ ಹೇಗೆ ಬಂತು ಅಂದುಕೊಂಡು ಹತ್ತಿರ ಹೋದೆ. ಅದು ಗಂಡಭೇರುಂಡವಲ್ಲ, ರಷ್ಯಾದ ಚಕ್ರವರ್ತಿಯ ಹದ್ದು. ಅದರ ಕೆಳಗೆ ನಾಲ್ಕು ಭಾಷೆಯಲ್ಲಿ ಒಂದೇ ಒಪ್ಪಂದ. ಇನ್ನೂ ಕೆಳಗೆ ಅಂಚೆಚೀಟಿಯಷ್ಟು ದೊಡ್ಡ ಚೌಕಗಳು, ಸಾಲು ಸಾಲಾಗಿ.

ಆ ಚೌಕಗಳನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು. ಅವು ಬಡ್ಡಿ ಕೂಪನ್‌ಗಳು. ಸಾಲ ಕೊಟ್ಟವರಿಗೆ ಸಿಗುವ ಪತ್ರವೇ ಸಾಲಪತ್ರ; ಕಂತು ಬಂದಾಗ ಅದರ ಒಂದು ಕೂಪನ್ ಕತ್ತರಿಸಿ ಬ್ಯಾಂಕಿಗೆ ಕೊಟ್ಟು ಬಡ್ಡಿ ಪಡೆಯುತ್ತಿದ್ದರು. ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು. ಅದರಲ್ಲಿ ಜಾಸ್ತಿ ವರ್ಷ ಕಳೆದಿದ್ದು ಹಾವೇರಿ ಜಿಲ್ಲೆಯ ಹಳ್ಳಿ ಶಾಖೆಗಳಲ್ಲಿ, ಬೆಳೆ ಸಾಲದ ಕಡತಗಳ ಜೊತೆ. ನಾಲ್ಕು ಹಾಳೆಗೆ ಹನ್ನೆರಡು ಯೂರೋ ಕೊಟ್ಟು ತಂದೆ. ಆ ನಾಲ್ಕು ಹಾಳೆಗಳೇ ನನಗೆ ತ್ಸಾರರ, ಅಂದರೆ ರಷ್ಯಾದ ಚಕ್ರವರ್ತಿಗಳ, ಕೊನೆಗಾಲದ ರಷ್ಯಾವನ್ನು ಕಲಿಸಿದವು. ಯುರೋಪಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ಇಂಥವು ಇವತ್ತಿಗೂ ಅಗ್ಗಕ್ಕೆ ಸಿಗುತ್ತವೆ. ಕೈಗೆ ಬರದಿದ್ದರೂ ಅಂತರ್ಜಾಲದಲ್ಲಿ ಬೇಕಾದಷ್ಟು ಸ್ಪಷ್ಟ ಚಿತ್ರಗಳಿವೆ. ಅವನ್ನು ಹೇಗೆ ಓದಬೇಕು ಅಂತ ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ರಷ್ಯನ್ ಭಾಷೆ ಬರಬೇಕಾಗಿಲ್ಲ. ಕೂಡಿಸುವುದು, ಗುಣಿಸುವುದು ಬಂದರೆ ಸಾಕು.

ಮೊದಲು ಕಾಗದಕ್ಕೆ ಗೌರವ

ನೂರು ವರ್ಷ ದಾಟಿದ ಕಾಗದ ಮಡಿಕೆಯಲ್ಲೇ ಹರಿಯುತ್ತದೆ. ಬಿಳಿ ಪಂಚೆಯ ಮೇಲೆ ಹರಡಿ, ಒಣಗಿದ ಕೈಯಿಂದ ನಿಧಾನವಾಗಿ ಬಿಚ್ಚಿ. ಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಹಗಲು ಬೆಳಕಿನಲ್ಲಿ ಮೊಬೈಲಿನಿಂದ ಭಾಗ ಭಾಗವಾಗಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಓದುವುದೆಲ್ಲ ಫೋಟೋದಲ್ಲೇ ಆಗಲಿ. ಸಣ್ಣ ಅಕ್ಷರವನ್ನು ಹಿಗ್ಗಿಸಿ ನೋಡಬಹುದು, ಕಾಗದವೂ ಉಳಿಯುತ್ತದೆ.

ರಷ್ಯನ್ ಭಾಗದಲ್ಲಿ ಒಂದು ಗುರುತು ಹುಡುಕಿ. ಎಷ್ಟೋ ಪದಗಳ ಕೊನೆಯಲ್ಲಿ ಇಂಗ್ಲಿಷಿನ ಸಣ್ಣ ಬಿ ಅಕ್ಷರಕ್ಕೆ ತಲೆಯಲ್ಲಿ ಎಡಕ್ಕೊಂದು ಕೊಕ್ಕೆ ಇಟ್ಟಂತೆ ಕಾಣುವ ಅಕ್ಷರ ಇರುತ್ತದೆ. ಅದಕ್ಕೆ ಉಚ್ಚಾರವಿಲ್ಲ. 1918ರ ಲಿಪಿ ಸುಧಾರಣೆಯಲ್ಲಿ ಪದದ ಕೊನೆಯಿಂದ ಅದನ್ನು ತೆಗೆದುಹಾಕಿದರು. ಅದು ಇದ್ದರೆ ಕಾಗದ ಹಳೆಯ ರಷ್ಯಾದ್ದು ಅಂತ ತಿಳಿಯಿರಿ.

ತಾರೀಕು ಎರಡಿದ್ದರೆ ಗಾಬರಿ ಬೇಡ

ಒಂದೇ ಕಂತಿಗೆ ಎರಡು ತಾರೀಕು ಬರೆದಿದ್ದನ್ನು ನೋಡಿ ನಾನು ಮೊದಲ ದಿನ ಅದು ಗಡುವಿನ ಅವಧಿ ಅಂದುಕೊಂಡಿದ್ದೆ. ಹಾಗಲ್ಲ. ರಷ್ಯಾ ಆಗ ಹಳೆಯ ಜೂಲಿಯನ್ ಪಂಚಾಂಗ ಅನುಸರಿಸುತ್ತಿತ್ತು. 19ನೇ ಶತಮಾನದಲ್ಲಿ ಅದು ಪಶ್ಚಿಮ ಯುರೋಪಿಗಿಂತ 12 ದಿನ ಹಿಂದೆ. 1900ರ ನಂತರ 13 ದಿನ. ಸಾಲ ಕೊಟ್ಟವರು ಪ್ಯಾರಿಸ್ಸಿನಲ್ಲಿ, ಸಾಲ ತಗೊಂಡವರು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಹಾಗಾಗಿ ಎರಡೂ ತಾರೀಕು ಬೇಕಿತ್ತು.

ಇದನ್ನು ಅಭ್ಯಾಸ ಮಾಡಿಕೊಳ್ಳಲು ಒಂದು ದಿನ ಹೇಳುತ್ತೇನೆ. 1891ರ ಮೇ 19, ಅಂದರೆ ನಮ್ಮ ಲೆಕ್ಕದಲ್ಲಿ ಮೇ 31. ಯುವರಾಜ ನಿಕೊಲಾಯ್ ವ್ಲಾದಿವೊಸ್ತೋಕ್‌ನಲ್ಲಿ ಕೈಗಾಡಿಯಲ್ಲಿ ಮಣ್ಣು ತುಂಬಿ ಸುರಿದು, ಸೈಬೀರಿಯಾ ದಾಟುವ ರೈಲು ದಾರಿಗೆ ಶಂಕುಸ್ಥಾಪನೆ ಮಾಡಿದ. ಅದಕ್ಕೆ ಕೆಲವೇ ತಿಂಗಳ ಮುಂಚೆ ಅವನು ಮುಂಬಯಿ, ಆಗ್ರಾ, ಕಾಶಿ, ಮದ್ರಾಸು ಎಲ್ಲ ಸುತ್ತಿ ಹೋಗಿದ್ದ. ಈ ತಾರೀಕನ್ನು ನೆನಪಿಟ್ಟುಕೊಳ್ಳಿ. ಅದೇ ವರ್ಷದ ಬೇಸಿಗೆಗೆ ಮತ್ತೆ ಬರುತ್ತೇನೆ.

ಐದಾರು ನಾಣ್ಯ, ಒಂದೇ ಚಿನ್ನ

ಈಗ ಮುಖ್ಯ ಭಾಗ. ಹಾಳೆಯ ಮೇಲ್ಭಾಗದಲ್ಲಿ ಮೊತ್ತ ಬರೆದಿರುತ್ತದೆ. ನನ್ನ ಮೊದಲ ಹಾಳೆ 1889ರ ಶೇಕಡ 4ರ ಚಿನ್ನದ ಸಾಲದ್ದು. ಅದರಲ್ಲಿ ಹೀಗಿದೆ: 125 ಚಿನ್ನದ ರೂಬಲ್, 500 ಫ್ರಾಂಕ್, 404 ಮಾರ್ಕ್, 19 ಪೌಂಡ್ 15 ಶಿಲಿಂಗ್ 6 ಪೆನ್ಸ್, 239 ಡಚ್ ಫ್ಲೋರಿನ್, 96 ಡಾಲರ್ 25 ಸೆಂಟ್. ಎಲ್ಲವೂ ಒಂದೇ ಬೆಲೆ. ಹಿಡಿದವರು ಯಾವ ಊರಿನಲ್ಲಿ ಬೇಕಾದರೂ ತಮ್ಮ ನಾಣ್ಯದಲ್ಲಿ ಹಣ ಪಡೆಯಬಹುದಿತ್ತು.

ಎರಡನೇ ಹಾಳೆ 1906ರದ್ದು. ಅದರಲ್ಲೂ 500 ಫ್ರಾಂಕ್ ಅಂತಲೇ ಇದೆ. ಆದರೆ ರೂಬಲ್ ಮಾತ್ರ 125 ಅಲ್ಲ, 187 ರೂಬಲ್ 50 ಕೊಪೆಕ್. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಫ್ರಾಂಕ್ ಅಲುಗಾಡಿಲ್ಲ. ರೂಬಲ್ ಒಂದೂವರೆ ಪಟ್ಟಾಗಿದೆ. ನಡುವೆ ಏನೋ ನಡೆದಿದೆ ಅಲ್ವಾ?

ನಡೆದಿದ್ದು ಸೆರ್ಗೆಯ್ ವಿಟ್ಟೆಯ 1897ರ ನಾಣ್ಯ ಸುಧಾರಣೆ. ವಿಟ್ಟೆ ಹುಟ್ಟಿದ್ದು 1849ರಲ್ಲಿ, ತಿಫ್ಲಿಸ್‌ನಲ್ಲಿ. ಗಣಿತ ಓದಿ ಒಡೆಸ್ಸಾದ ರೈಲ್ವೆಯಲ್ಲಿ ಕೆಳಗಿನ ಕೆಲಸಗಳಿಂದ ಶುರು ಮಾಡಿದ. ಟಿಕೆಟ್ ಕೊಡುವ ಕೆಲಸವನ್ನೂ ಮಾಡಿ ಕಲಿತವನು. 1892ರಿಂದ 1903ರವರೆಗೆ ಅವನು ಹಣಕಾಸು ಮಂತ್ರಿ. ಅವನ ಕಾಲಕ್ಕೆ ರಷ್ಯಾದ ಜನ ಬಳಸುತ್ತಿದ್ದುದು ಕಾಗದದ ರೂಬಲ್. ಅದನ್ನು ಚಿನ್ನಕ್ಕೆ ಬದಲಾಯಿಸಿಕೊಡುತ್ತಿರಲಿಲ್ಲ. ಅದರ ಬೆಲೆ ಏರುತ್ತ ಇಳಿಯುತ್ತ ಇತ್ತು. ಇಂಥ ನಾಣ್ಯ ನಂಬಿ ಹೊರಗಿನವರು ಕಾರ್ಖಾನೆ ಕಟ್ಟಲು ಬರುವುದು ಕಷ್ಟ. ಮಾರುಕಟ್ಟೆಯಲ್ಲಿ ಹೆಚ್ಚುಕಡಿಮೆ ಒಂದೂವರೆ ಕಾಗದದ ರೂಬಲ್‌ಗೆ ಒಂದು ಚಿನ್ನದ ರೂಬಲ್ ನಡೆಯುತ್ತಿತ್ತು. ವಿಟ್ಟೆ ಅದೇ ದರವನ್ನು ಕಾಯಂ ಮಾಡಿದ. ಹಳೆಯ 10 ರೂಬಲ್ ಚಿನ್ನದ ನಾಣ್ಯ ಎಷ್ಟು ತೂಕವೋ ಅಷ್ಟೇ ತೂಕದ ನಾಣ್ಯಕ್ಕೆ 15 ರೂಬಲ್ ಅಂತ ಮುದ್ರೆ ಒತ್ತಿಸಿದ. ಸ್ಟೇಟ್ ಬ್ಯಾಂಕ್ 60 ಕೋಟಿ ರೂಬಲ್‌ವರೆಗೆ ನೋಟು ಹೊರಡಿಸಬೇಕಾದರೆ ಅರ್ಧದಷ್ಟು ಚಿನ್ನ ಇಟ್ಟಿರಬೇಕು, ಅದಕ್ಕೆ ಮೇಲಿನ ಪ್ರತಿ ರೂಬಲ್‌ಗೂ ಪೂರ್ತಿ ಚಿನ್ನ ಇರಬೇಕು ಅಂತ ನಿಯಮ ಬಂತು. ನೋಟು ಮುದ್ರಿಸುವವರ ಕೈಗೆ ಇಷ್ಟು ಬಿಗಿಯಾದ ಬೇಡಿ ಹಾಕಿದ್ದು ಕಡಿಮೆ ಸಂಗತಿಯಲ್ಲ.

ಇದನ್ನು ನೀವೇ ಪರೀಕ್ಷೆ ಮಾಡಿ ನೋಡಬಹುದು. ಹೊಸ ರೂಬಲ್‌ನಲ್ಲಿದ್ದ ಶುದ್ಧ ಚಿನ್ನ 0.774 ಗ್ರಾಂ. ಅದನ್ನು 187.5ರಿಂದ ಗುಣಿಸಿ. 145 ಗ್ರಾಂ ಬರುತ್ತದೆ. ಫ್ರಾಂಕ್‌ನಲ್ಲಿದ್ದದ್ದು 0.2903 ಗ್ರಾಂ. ಅದನ್ನು 500ರಿಂದ ಗುಣಿಸಿ. ಅದೂ 145. ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೆರಡೂವರೆ ತೊಲ. ಮೊದಲ ಸಲ ಈ ಎರಡು ಗುಣಾಕಾರ ತಾಳೆಯಾದಾಗ ನನಗೆ ಆದ ಸಂತೋಷ ಹೇಳತೀರದು. ದಿನದ ಕೊನೆಗೆ ಕ್ಯಾಶ್ ತಾಳೆಯಾದಂಥ ಸಂತೋಷ.

ರೂಪಾಯಿಯಲ್ಲಿ ಎಷ್ಟು ಅಂತ ಕೇಳುವವರಿಗೆ ಹೇಳುತ್ತೇನೆ. 1899ರಲ್ಲಿ ಇಲ್ಲಿ ಒಂದು ಪೌಂಡ್‌ಗೆ 15 ರೂಪಾಯಿ ಅಂತ ನಿಗದಿಯಾಯಿತು. ಆ ದರದಲ್ಲಿ ಈ ಒಂದು ಹಾಳೆ ಸುಮಾರು 297 ರೂಪಾಯಿ.

ಬಡ್ಡಿ ದರವೇ ನಾಡಿ

ಹಾಳೆಯ ಮೇಲಿನ ಶೇಕಡಾ ದರವನ್ನು ವರ್ಷದ ಜೊತೆ ಸೇರಿಸಿ ಓದಿ. 1889ರದ್ದು ಶೇ. 4. ಅದು ಹೊಸ ಕೆಲಸಕ್ಕೆ ತಂದ ಸಾಲಕ್ಕಿಂತ ಹೆಚ್ಚಾಗಿ ಸಾಲ ಬದಲಾವಣೆ. ಹಳೆಯ ಶೇ. 5ರ ಸಾಲ ತೀರಿಸಲು ಕಡಿಮೆ ಬಡ್ಡಿಯ ಹೊಸ ಸಾಲ. 1887ರಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್, ರಷ್ಯನ್ ಪತ್ರಗಳನ್ನು ಅಡವಿಟ್ಟುಕೊಂಡು ಸಾಲ ಕೊಡಬೇಡಿ ಅಂತ ಆ ದೇಶದ ಕೇಂದ್ರ ಬ್ಯಾಂಕಾದ ರೈಕ್ಸ್‌ಬ್ಯಾಂಕಿಗೆ ತಡೆ ಹಾಕಿಸಿದ. ರಷ್ಯಾ ಬರ್ಲಿನ್ ಬಿಟ್ಟು ಪ್ಯಾರಿಸ್ ಕಡೆ ತಿರುಗಿತು. 1888ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ದೊಡ್ಡ ಸಾಲ ಎದ್ದಿತು, 50 ಕೋಟಿ ಫ್ರಾಂಕ್. ರಾಜಕೀಯ ಸ್ನೇಹ ಅದರ ಹಿಂದೆಯೇ ಬಂತು. ನಂತರ 1896ರ ಹಾಳೆ ನೋಡಿದರೆ ದರ ಶೇ. 3. ರಷ್ಯಾದ ಮೇಲೆ ನಂಬಿಕೆ ಬೆಳೆದಿದೆ ಅಂತ ಅರ್ಥ. 1906ರಲ್ಲಿ ಮತ್ತೆ ಶೇ. 5. ನಂಬಿಕೆ ಬಿದ್ದಿದೆ. ಯಾಕೆ ಬಿತ್ತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಆಮೇಲೆ ಸಣ್ಣ ಅಕ್ಷರದ ಷರತ್ತುಗಳಿಗೆ ಬನ್ನಿ. ಫ್ರೆಂಚ್ ಅಥವಾ ಇಂಗ್ಲಿಷ್ ಭಾಗವನ್ನು ಮೊಬೈಲಿನ ಅನುವಾದಕ್ಕೆ ಹಿಡಿದರೆ ಸಾಕು. ಎರಡು ಮಾತು ಹುಡುಕಿ. ಒಂದು ಜಾಮೀನು. ನನ್ನ ಮೂರನೇ ಹಾಳೆ ಮಾಸ್ಕೋ–ಕೀವ್–ವೊರೊನೆಜ್ ರೈಲ್ವೆ ಕಂಪನಿಯದು. ಕಂಪನಿ ಖಾಸಗಿ, ಆದರೆ ಬಡ್ಡಿಗೆ ಸರ್ಕಾರದ ಜಾಮೀನು. ರೈಲು ಲಾಭ ಮಾಡದಿದ್ದರೂ ಬಡ್ಡಿ ತಪ್ಪುವುದಿಲ್ಲ. ಬ್ರಿಟಿಷರು ಇಲ್ಲಿ ರೈಲು ಹಾಕಿಸಿದಾಗಲೂ ಕಂಪನಿಗಳಿಗೆ ಹೀಗೇ ಶೇ. 5ರ ಖಾತರಿ ಕೊಟ್ಟಿದ್ದರು. ಕಟ್ಟಿದ್ದು ನಮ್ಮ ತೆರಿಗೆಯಿಂದ.

ಇನ್ನೊಂದು ಮಾತು ತೆರಿಗೆಯದು. ಈ ಪತ್ರಗಳಿಗೆ ರಷ್ಯಾದ ಯಾವ ತೆರಿಗೆಯೂ ಎಂದೆಂದಿಗೂ ಇಲ್ಲ ಅಂತ ಬರೆದಿರುತ್ತದೆ. ಈ ಸಾಲಿನ ಕೆಳಗೆ ಫೋಟೋದಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಮುಂದಿನ ಲೆಕ್ಕಕ್ಕೆ ಅದು ಬೇಕು.

ಬಡ್ಡಿ ಕಟ್ಟಿದವರು ಯಾರು

ಇಲ್ಲಿಗೆ ಬಂದು ನಿಲ್ಲುವವರೇ ಜಾಸ್ತಿ. ಚಿತ್ರ ಚೆನ್ನಾಗಿದೆ, ಹದ್ದು ಚೆನ್ನಾಗಿದೆ ಅಂತ ಚೌಕಟ್ಟು ಹಾಕಿಸಿ ಗೋಡೆಗೆ ಹಾಕುತ್ತಾರೆ. ನನಗೆ ಅದು ಅರ್ಧ ಓದು. ಹಳ್ಳಿ ಶಾಖೆಯಲ್ಲಿ ಒಂದು ಪಾಠ ಕಲಿತಿದ್ದೇನೆ. ಸಾಲದ ಕಾಗದದಲ್ಲಿ ಸಹಿ ಒಬ್ಬರದಿದ್ದರೂ ಕಂತು ಕಟ್ಟುವ ಕೈ ಬೇರೆಯದಿರಬಹುದು. ಆ ಕೈಯನ್ನು ಹುಡುಕಬೇಕು.

500 ಫ್ರಾಂಕಿಗೆ ಶೇ. 4 ಅಂದರೆ ವರ್ಷಕ್ಕೆ 20 ಫ್ರಾಂಕ್. ಚಿನ್ನದಲ್ಲಿ ಅರ್ಧ ತೊಲ. ಹೊಸ ರೂಬಲ್‌ನಲ್ಲಿ ಏಳೂವರೆ. ಈಗ ಈ ಏಳೂವರೆ ರೂಬಲ್ಲನ್ನು ಧಾನ್ಯಕ್ಕೆ ತಿರುಗಿಸಿ. ರಷ್ಯಾದ ತೂಕ ಪೂಡ್. ಒಂದು ಪೂಡ್ ಅಂದರೆ 16.38 ಕಿಲೋ. ಗೋಧಿಯ ಬೆಲೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತಿತ್ತು. ಲೆಕ್ಕ ಸುಲಭವಾಗಲಿ ಅಂತ ಬಂದರಿನಲ್ಲಿ ಪೂಡ್‌ಗೆ ಒಂದು ರೂಬಲ್ ಅಂತ ಇಟ್ಟುಕೊಳ್ಳಿ. ಏಳೂವರೆ ಪೂಡ್ ಅಂದರೆ ಒಂದು ಕ್ವಿಂಟಲ್ ಮೇಲೆ ಇಪ್ಪತ್ತಮೂರು ಕಿಲೋ. ಬೆಲ್ಜಿಯಂನಲ್ಲೋ ಫ್ರಾನ್ಸಿನಲ್ಲೋ ಒಬ್ಬರು ಒಂದು ವರ್ಷದ ಕೂಪನ್ ಕತ್ತರಿಸಿ ಬ್ಯಾಂಕಿಗೆ ಕೊಟ್ಟರೆ, ಒಡೆಸ್ಸಾದ ಹಡಗಿಗೆ ಅಷ್ಟು ಗೋಧಿ ಏರಬೇಕು. ಇದು ಒಂದೇ ಹಾಳೆಯ ಲೆಕ್ಕ.

ಹಡಗು ಹೇಗೆ ತುಂಬುತ್ತಿತ್ತು ಅನ್ನುವುದನ್ನು ತಿಳಿಯಲು 1861ಕ್ಕೆ ಹೋಗಬೇಕು. ಆ ವರ್ಷ ರೈತರಿಗೆ ಜೀತದಿಂದ ಬಿಡುಗಡೆ ಸಿಕ್ಕಿತು. ಭೂಮಿ ಪುಕ್ಕಟೆ ಸಿಗಲಿಲ್ಲ. ಜಮೀನುದಾರರಿಗೆ ಸರ್ಕಾರ ಪರಿಹಾರ ಕೊಟ್ಟಿತು. ಅದನ್ನು ರೈತರು 49 ವರ್ಷ, ವರ್ಷಕ್ಕೆ ಶೇ. 6ರಂತೆ ಕಟ್ಟಬೇಕಾಯಿತು. ಅದೂ ಒಬ್ಬೊಬ್ಬರಾಗಿ ಅಲ್ಲ. ಮೀರ್ ಅಂತ ಕರೆಯುವ ಹಳ್ಳಿ ಸಮುದಾಯಕ್ಕೆ ಒಟ್ಟು ಹೊಣೆ. ಪಕ್ಕದ ಮನೆಯವನು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಈ ಸಾಮೂಹಿಕ ಜಾಮೀನು 1903ರವರೆಗೂ ಇತ್ತು. ಊರು ಬಿಟ್ಟು ಕಾರ್ಖಾನೆಗೆ ಹೋಗಬೇಕಾದರೆ ಪಾಸ್‌ಪೋರ್ಟ್ ಬೇಕಿತ್ತು. ಅದಕ್ಕೆ ಹಳ್ಳಿಯವರು ಒಪ್ಪಬೇಕಿತ್ತು.

ತೆರಿಗೆ ವಸೂಲಿ ಶರತ್ಕಾಲದಲ್ಲಿ, ಕಟಾವು ಮುಗಿದ ಕೂಡಲೇ. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎಲ್ಲರೂ ಒಟ್ಟಿಗೆ ಮಾರಿದರೆ ಬೆಲೆ ಬೀಳುತ್ತದೆ. ಬೆಲೆ ಏರುವವರೆಗೆ ಕಾಯಲು ಬಡವನಿಗೆ ಆಗುವುದಿಲ್ಲ. ಗೋವಿನಜೋಳದ ಸುಗ್ಗಿಯಲ್ಲಿ ನಮ್ಮ ಕೌಂಟರ್ ಮುಂದೆ ನಿಂತು, ಇನ್ನೊಂದು ತಿಂಗಳು ತಡೀರಿ ಮೇಡಂ, ರೇಟು ಬರಲಿ ಅಂತ ಕೇಳುತ್ತಿದ್ದ ರೈತರ ಮುಖ ನೆನಪಾಯಿತು. ವೋಲ್ಗಾ ದಂಡೆಯ ರೈತರಿಗೂ ಅದೇ ಕಷ್ಟ. ಶರತ್ಕಾಲದಲ್ಲಿ ಅಗ್ಗಕ್ಕೆ ಮಾರಿದವರು ವಸಂತಕಾಲದಲ್ಲಿ ಅದೇ ಧಾನ್ಯವನ್ನು ದುಬಾರಿಗೆ ಕೊಳ್ಳಬೇಕಾಗುತ್ತಿತ್ತು.

ವಿಟ್ಟೆಗಿಂತ ಮೊದಲು, 1887ರಿಂದ 1892ರವರೆಗೆ, ಇವಾನ್ ವಿಶ್ನೆಗ್ರಾದ್‌ಸ್ಕಿ ಹಣಕಾಸು ಮಂತ್ರಿ. ನಾವು ಅರೆಹೊಟ್ಟೆ ಉಂಡರೂ ರಫ್ತು ಮಾಡುತ್ತೇವೆ ಅನ್ನುವ ಮಾತು ಅವನ ಹೆಸರಿನಲ್ಲೇ ಉಳಿದಿದೆ. ಅರೆಹೊಟ್ಟೆ ಉಂಡವನು ಅವನಲ್ಲ. 1891ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು. ವೋಲ್ಗಾ ಮತ್ತು ಕಪ್ಪು ಮಣ್ಣಿನ ಪ್ರಾಂತ್ಯಗಳಲ್ಲಿ ಬೆಳೆ ಒಣಗಿತು. ರೈ ಧಾನ್ಯದ ರಫ್ತು ನಿಲ್ಲಿಸುವ ಆಜ್ಞೆ ಬಂತು. ಆದರೆ ಘೋಷಣೆಗೂ ಜಾರಿಗೂ ನಡುವೆ ಸಿಕ್ಕ ದಿನಗಳಲ್ಲಿ ವ್ಯಾಪಾರಿಗಳು ಇದ್ದಬದ್ದ ರೈಯನ್ನು ಗಡಿಗೆ ಸಾಗಿಸಿದರು. ಹಸಿವು, ಅದರ ಹಿಂದೆಯೇ ಕಾಲರಾ. ಸತ್ತವರು ಸುಮಾರು 4 ಲಕ್ಷ. ಯುವರಾಜ ವ್ಲಾದಿವೊಸ್ತೋಕ್‌ನಲ್ಲಿ ಕೈಗಾಡಿ ನೂಕಿದ್ದು ಇದೇ ವರ್ಷ ಅನ್ನುವುದನ್ನು ಮರೆಯಬೇಡಿ. ಇದೇ 1891ರಲ್ಲೇ ಹೊರಗಿನ ಸಾಮಾನಿನ ಮೇಲೆ ಭಾರಿ ಸುಂಕವೂ ಬಂತು. ಹೊರಗಿನ ಅಗ್ಗದ ಕಬ್ಬಿಣ ಒಳಗೆ ಬರದಂತೆ ಆಯಿತು. ನೇಗಿಲಿನ ಕುಳವೂ ದುಬಾರಿಯಾಯಿತು.

ಇದರ ಮೇಲೆ ಸಣ್ಣ ಸಣ್ಣ ತೆರಿಗೆಗಳು. ಸಕ್ಕರೆ, ತಂಬಾಕು, ಸೀಮೆಎಣ್ಣೆ, ಬೆಂಕಿಪೊಟ್ಟಣ. ಬೆಂಕಿಕಡ್ಡಿ ಗೀರಿದವರೆಲ್ಲ ತೆರಿಗೆ ಕಟ್ಟಿದರು. 12 ತೊಲ ಚಿನ್ನದ ಪತ್ರ ಹಿಡಿದವರಿಗೆ ಎಂದೆಂದಿಗೂ ವಿನಾಯಿತಿ. ಗೆರೆ ಎಳೆದುಕೊಂಡಿರಿ ಅಲ್ವಾ, ಆ ಸಾಲು. ಆಮೇಲೆ 1890ರ ದಶಕದ ಮಧ್ಯದಿಂದ ವೋಡ್ಕಾ ಮಾರಾಟ ಸರ್ಕಾರದ ಕೈಗೆ ಹೋಯಿತು. 1913ರ ಹೊತ್ತಿಗೆ ಸರ್ಕಾರದ ಒಟ್ಟು ಆದಾಯದಲ್ಲಿ ಕಾಲು ಭಾಗಕ್ಕೂ ಜಾಸ್ತಿ ಹೆಂಡದಿಂದ ಬರುತ್ತಿತ್ತು.

ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನೆಲ್ಲ ಓದಿ ಎಲ್ಲ ರೈತರೂ ವರ್ಷ ವರ್ಷ ಬಡವಾಗುತ್ತ ಹೋದರು ಅಂತ ತೀರ್ಮಾನ ಮಾಡಬೇಡಿ. ಈಚಿನ ಇತಿಹಾಸಕಾರರಲ್ಲಿ ಅನೇಕರು ಅದನ್ನು ಒಪ್ಪುವುದಿಲ್ಲ. ಸಕ್ಕರೆ, ಸೀಮೆಎಣ್ಣೆ ತೆರಿಗೆಯ ವಸೂಲಿ ಬೆಳೆಯಿತು ಅಂದರೆ ಅವನ್ನು ಕೊಳ್ಳುವವರೂ ಬೆಳೆದಿದ್ದಾರೆ ಅನ್ನುವುದು ಅವರ ವಾದ. ಅದರಲ್ಲಿ ಹುರುಳಿದೆ. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ, ಮನೆಯಿಂದ ಮನೆಗೆ ಸ್ಥಿತಿ ಬೇರೆ ಬೇರೆ ಇತ್ತು. ಆದರೆ ಬಡ್ಡಿಯ ದಾರಿ ಹಿಡಿದು ಹಿಂದೆ ಹೋದರೆ ಕೊನೆಗೆ ಹೊಲಕ್ಕೇ ಹೋಗಿ ಮುಟ್ಟುತ್ತೇವೆ. ಆ ಮಾತಿನಲ್ಲಿ ನನಗೆ ಅನುಮಾನವಿಲ್ಲ.

ಹಣ ಏನನ್ನು ಕಟ್ಟಿತು

ನ್ಯಾಯವಾಗಿ ಲೆಕ್ಕದ ಇನ್ನೊಂದು ಕಾಲಮ್ಮನ್ನೂ ತುಂಬಬೇಕು. ಒಂದು ಭೂಪಟ ತೆಗೆದುಕೊಳ್ಳಿ. ಅಂದಿನ ರಷ್ಯನ್ ಸಾಮ್ರಾಜ್ಯದ ಭೂಪಟವಾದರೆ ಒಳ್ಳೆಯದು. ಯಾಕೆಂದರೆ ಈ ಕಥೆಯ ಮುಖ್ಯ ಊರುಗಳಲ್ಲಿ ಹಲವು ಇವತ್ತು ಉಕ್ರೇನ್, ಅಜರ್ಬೈಜಾನ್, ಜಾರ್ಜಿಯಾಗಳಲ್ಲಿವೆ. ಮೊದಲು ದೊನೆತ್ಸ್ ಕಣಿವೆಯ ಕಲ್ಲಿದ್ದಲಿಗೆ ಒಂದು ಚುಕ್ಕೆ ಇಡಿ. ಪಶ್ಚಿಮಕ್ಕೆ ಕ್ರಿವೊಯ್ ರೋಗ್‌ನ ಕಬ್ಬಿಣದ ಅದಿರಿಗೆ ಇನ್ನೊಂದು ಚುಕ್ಕೆ. ನಡುವೆ ದ್ನೀಪರ್ ನದಿ. 1884ರಲ್ಲಿ ಯೆಕತೆರಿನೊಸ್ಲಾವ್‌ನಲ್ಲಿ ನದಿಗೆ ರೈಲು ಸೇತುವೆಯಾಯಿತು. ಕಲ್ಲಿದ್ದಲೂ ಅದಿರೂ ಒಂದೇ ಹಳಿಯ ಮೇಲೆ ಬಂದವು. ಅಲ್ಲಿಂದ ಮುಂದೆ ದಕ್ಷಿಣದ ಚಹರೆಯೇ ಬದಲಾಯಿತು. 1890ರಿಂದ 1900ರೊಳಗೆ ರಷ್ಯಾದ ಬೀಡುಕಬ್ಬಿಣ ಮೂರು ಪಟ್ಟಾಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಈ ದಕ್ಷಿಣದಿಂದಲೇ. ಉರಾಲ್ ಬೆಟ್ಟಗಳಲ್ಲಿ ಇದ್ದಿಲು ಸುಟ್ಟು ಕಬ್ಬಿಣ ತೆಗೆಯುತ್ತಿದ್ದ ಹಳೆಯ ಕುಲುಮೆಗಳು ಹಿಂದೆ ಬಿದ್ದವು.

ಈ ಬೆಳವಣಿಗೆಗೆ ಮೊದಲು ಬಂದವನು ಜಾನ್ ಹ್ಯೂಸ್ ಅನ್ನುವ ವೇಲ್ಸ್ ದೇಶದ ಕಬ್ಬಿಣದ ಉದ್ಯಮಿ. 1870ರ ಸುಮಾರಿಗೆ ಬಯಲಿನಲ್ಲಿ ಕುಲುಮೆ ಕಟ್ಟಿದ. ಸುತ್ತ ಬೆಳೆದ ಊರಿಗೆ ಅವನ ಹೆಸರೇ ಬಂತು, ಯೂಜೊವ್ಕಾ. ಅದೇ ಇವತ್ತಿನ ದೊನೆತ್ಸ್ಕ್.

ಲಿಯೇಜ್‌ನಲ್ಲಿದ್ದಾಗ ನನಗೆ ಹತ್ತಿರವಾದ ಊರು ಬೇರೆ. ಮಗಳ ಮನೆಯಿಂದ ಸ್ವಲ್ಪ ದೂರದಲ್ಲಿ ಸೆರೆಂಗ್ ಇದೆ. ಅಲ್ಲಿ ಕಾಕೆರಿಲ್ ಕಂಪನಿಯ ಹಳೆಯ ಕಬ್ಬಿಣದ ಕಾರ್ಖಾನೆ. 1880ರ ದಶಕದ ಕೊನೆಗೆ ಆ ಕಂಪನಿ ಪಾಲುದಾರರ ಜೊತೆ ಸೇರಿ ದ್ನೀಪರ್ ದಂಡೆಯ ಕಾಮೆನ್‌ಸ್ಕೊಯೆ ಅನ್ನುವ ಹಳ್ಳಿಯಲ್ಲಿ ದೊಡ್ಡ ಉಕ್ಕಿನ ಕಾರ್ಖಾನೆ ಕಟ್ಟಿತು. ನನ್ನ ನಾಲ್ಕನೇ ಹಾಳೆ ಅದರದ್ದಲ್ಲ. ಅದೇ ಜಾತಿಯ ಇನ್ನೊಂದು ಕಂಪನಿಯ ಷೇರು. ಪ್ರೊವಿಡೆನ್ಸ್ ರೂಸ್ ಅಂತ ಹೆಸರು, ಮರಿಯುಪೋಲ್‌ನ ಕಾರ್ಖಾನೆ. ನೋಂದಣಿ ಮಾತ್ರ ಬೆಲ್ಜಿಯಂನಲ್ಲಿ. ಷೇರುಪತ್ರ ಓದುವಾಗ ಈ ಎರಡು ಊರು ಬೇರೆ ಬೇರೆ ಗುರುತು ಮಾಡಿಕೊಳ್ಳಿ: ಹೊಗೆ ಎದ್ದ ಊರು ಯಾವುದು, ಲಾಭಾಂಶ ಹಂಚಿದ ಊರು ಯಾವುದು. ಸಾಲಪತ್ರಕ್ಕೂ ಷೇರಿಗೂ ಇರುವ ವ್ಯತ್ಯಾಸವೂ ಇಲ್ಲೇ ಕಾಣುತ್ತದೆ. 1899ರ ನಂತರ ಹಣದ ಬಿಕ್ಕಟ್ಟು ಬಂದು ರೈಲ್ವೆ ಆರ್ಡರ್ ಕಡಿಮೆಯಾದಾಗ ಸಾಲಪತ್ರದವರಿಗೆ ಬಡ್ಡಿ ಬಂತು. ಷೇರು ಹಿಡಿದ ಎಷ್ಟೋ ಬೆಲ್ಜಿಯನ್ನರು ಕೈ ಸುಟ್ಟುಕೊಂಡರು.

ಬಾಕುವಿನ ಕಲ್ಲೆಣ್ಣೆಗೂ, ಅಂದರೆ ಪೆಟ್ರೋಲಿಯಂಗೂ, ಒಂದು ಚುಕ್ಕೆ ಇಡಿ. ನೊಬೆಲ್ ಸಹೋದರರು 1879ರಲ್ಲಿ ಅಲ್ಲಿ ಕಂಪನಿ ಮಾಡಿದರು. 1883ರಲ್ಲಿ ಬಾಕುವಿನಿಂದ ಕಪ್ಪು ಸಮುದ್ರದ ಬತೂಮಿಗೆ ರೈಲು ಬಂತು. 1901ರ ಸುಮಾರಿಗೆ ಜಗತ್ತಿನಲ್ಲಿ ತೆಗೆದ ಎಣ್ಣೆಯಲ್ಲಿ ಅರ್ಧದಷ್ಟು ಬಾಕುವಿನದೇ. ರೈಲು ಹಾದಿಯ ಒಟ್ಟು ಉದ್ದ 1890ರಲ್ಲಿ ಸುಮಾರು 30 ಸಾವಿರ ಕಿಲೋಮೀಟರ್ ಇದ್ದದ್ದು 1900ರ ಹೊತ್ತಿಗೆ 50 ಸಾವಿರ ದಾಟಿತು. ಹತ್ತು ವರ್ಷದಲ್ಲಿ ಇಷ್ಟು ಕೆಲಸ ನಡೆದಿದ್ದನ್ನು ನೋಡಿದರೆ ಬೆರಗಾಗುತ್ತದೆ. ವಿಟ್ಟೆಯ ಕೆಲಸಗಾರಿಕೆಯ ಬಗ್ಗೆ ನನಗೆ ಗೌರವವಿದೆ. 1899ರಲ್ಲಿ ಅವನು ಚಕ್ರವರ್ತಿಗೆ ಒಂದು ಗುಪ್ತ ವರದಿ ಕೊಟ್ಟ. ಪಶ್ಚಿಮ ಯುರೋಪಿನ ಮುಂದೆ ರಷ್ಯಾದ ಸ್ಥಿತಿ ವಸಾಹತಿನಂತೆಯೇ ಇದೆ, ಕಚ್ಚಾಮಾಲು ಕೊಟ್ಟು ಸಿದ್ಧ ಸಾಮಾನು ಕೊಳ್ಳುತ್ತಿದ್ದೇವೆ, ಇದರಿಂದ ಹೊರಬರಬೇಕಾದರೆ ಹೊರಗಿನ ಬಂಡವಾಳ ಬೇಕೇ ಬೇಕು ಅನ್ನುವುದು ಅದರ ಸಾರ. ಭಾರತದಲ್ಲಿ ಹುಟ್ಟಿದವರಿಗೆ ಈ ಮಾತು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಖಾನೆಯ ಒಳಗೆ ಏನಿತ್ತು ಅನ್ನುವುದು ಸಾಲಪತ್ರದಲ್ಲಿ ಕಾಣುವುದಿಲ್ಲ. ಅದನ್ನು ಬೇರೆ ಕಡೆ ಹುಡುಕಬೇಕು. 1885ರಲ್ಲಿ ಒರೆಖೊವೊ-ಜುಯೆವೊದ ಮೊರೊಜೊವ್ ಬಟ್ಟೆ ಗಿರಣಿಯಲ್ಲಿ ಮುಷ್ಕರ ಆಯಿತು. ಮುಖ್ಯ ಕಾರಣ ದಂಡ. ಸಂಬಳದ ಕಾಲು ಭಾಗದವರೆಗೂ ದಂಡವೆಂದು ಮುರಿದುಕೊಳ್ಳುತ್ತಿದ್ದರು. ಮರುವರ್ಷವೇ ದಂಡಕ್ಕೆ ಮಿತಿ ಹಾಕುವ ಕಾನೂನು ಬಂತು. ದಂಡದ ಹಣ ಮಾಲೀಕರ ಜೇಬಿಗೆ ಹೋಗದೆ ಕೆಲಸಗಾರರ ನಿಧಿಗೆ ಹೋಗಬೇಕು ಅಂತಾಯಿತು. ದಿನಕ್ಕೆ ಹನ್ನೊಂದೂವರೆ ಗಂಟೆಗಿಂತ ಜಾಸ್ತಿ ದುಡಿಸಬಾರದು ಅನ್ನುವ ಕಾನೂನಿಗೆ 1897ರವರೆಗೆ ಕಾಯಬೇಕಾಯಿತು.

1906ರ ಹಾಳೆ

ಶೇ. 5 ಯಾಕೆ ಅಂತ ಹೇಳುತ್ತೇನೆ ಅಂದಿದ್ದೆ. 1904ರಲ್ಲಿ ಜಪಾನಿನ ಜೊತೆ ಯುದ್ಧ. ಸೈಬೀರಿಯಾದ ರೈಲು ಒಂಟಿ ಹಳಿಯದು. ಬೈಕಾಲ್ ಸರೋವರದ ಹತ್ತಿರ ದಾರಿ ಇನ್ನೂ ಕೂಡಿಕೊಂಡಿರಲಿಲ್ಲ. ಸೈನ್ಯ ಸಾಗಿಸಲು ಹೆಣಗಾಡಿ ಸೋತರು. 1905ರ ಜನವರಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಪುತಿಲೋವ್ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಯಿತು. ರೈಲು ಹಳಿ ಮಾಡಿ ಬೆಳೆದ ಕಾರ್ಖಾನೆ ಅದು. ಕೆಲಸಗಾರರು ಚಕ್ರವರ್ತಿಗೆ ಮನವಿ ಕೊಡಲು ಮೆರವಣಿಗೆ ಹೊರಟರು. ಸೈನಿಕರು ಗುಂಡು ಹಾರಿಸಿದರು. ಅಕ್ಟೋಬರಿನಲ್ಲಿ ರೈಲ್ವೆಯವರೇ ಮುಷ್ಕರ ಹೂಡಿದರು. ದೇಶವೇ ನಿಂತಿತು. ರೈಲುಗಳನ್ನು ಕಟ್ಟಿಸಿದ ವಿಟ್ಟೆ ಚಕ್ರವರ್ತಿಯನ್ನು ಕಾಣಲು ಪೀಟರ್‌ಹೋಫ್‌ಗೆ ಹೋದದ್ದು ಹಬೆ ದೋಣಿಯಲ್ಲಿ. ರೈಲು ಓಡುತ್ತಿರಲಿಲ್ಲ.

ಅದೇ ವರ್ಷದ ನವೆಂಬರಿನಲ್ಲಿ ರೈತರ ಭೂಮಿ ಕಂತುಗಳನ್ನು ಮನ್ನಾ ಮಾಡುವ ಘೋಷಣೆ ಬಂತು. 1906ರಲ್ಲಿ ಅರ್ಧ, 1907ರ ಜನವರಿಯಿಂದ ಪೂರ್ತಿ ಮನ್ನಾ. ನಲವತ್ತಕ್ಕೂ ಹೆಚ್ಚು ವರ್ಷ ಕಟ್ಟಿದ ಮೇಲೆ.

ಬೊಕ್ಕಸ ಬರಿದಾಗಿತ್ತು. ಚಿನ್ನದ ರೂಬಲ್ ಉಳಿಯುವುದೇ ಕಷ್ಟವಾಗಿತ್ತು. 1906ರ ಏಪ್ರಿಲ್‌ನಲ್ಲಿ 225 ಕೋಟಿ ಫ್ರಾಂಕ್ ಸಾಲ ಎತ್ತಿದರು. ಹೆಚ್ಚಿನ ಪಾಲು ಫ್ರಾನ್ಸಿನದು. ಮೊದಲ ದೂಮಾ, ಅಂದರೆ ಚುನಾಯಿತ ಸಭೆ, ಕೂಡುವ ಮೊದಲೇ ಹಣ ಕೈಸೇರಬೇಕಿತ್ತು. ಸಭೆಯ ಮುಂದೆ ಕೈಯೊಡ್ಡುವ ಪ್ರಸಂಗ ಬರಬಾರದು ಅನ್ನುವುದು ಲೆಕ್ಕಾಚಾರ. ನಿಮಗೆ ಸಿಕ್ಕ ಹಾಳೆಯಲ್ಲಿ 1906 ಮತ್ತು ಶೇ. 5 ಎರಡೂ ಇದ್ದರೆ ನೀವು ಹಿಡಿದಿರುವುದು ಈ ಸಾಲವನ್ನು.

ಕೊನೆಗೆ ಕೂಪನ್‌ಗಳು

ಹಾಳೆಯ ಕೆಳಭಾಗಕ್ಕೆ ಬನ್ನಿ. ಕತ್ತರಿಸದೆ ಉಳಿದ ಮೊದಲ ಕೂಪನ್ ಯಾವುದು, ಅದರ ತಾರೀಕು ಏನು ನೋಡಿ. ಸಾಮಾನ್ಯವಾಗಿ ಅದು 1917ರ ಕೊನೆ ಅಥವಾ 1918ರದ್ದು. ಯಾಕೆಂದರೆ 1917ರ ಕ್ರಾಂತಿಯಲ್ಲಿ ಅಧಿಕಾರ ಹಿಡಿದ ಬೊಲ್ಶೆವಿಕ್ ಸರ್ಕಾರ 1918ರ ಆರಂಭದಲ್ಲಿ ತ್ಸಾರರ ಕಾಲದ ಸಾಲಗಳನ್ನೆಲ್ಲ ರದ್ದು ಮಾಡಿತು. ಫ್ರಾನ್ಸಿನಲ್ಲೇ ಹದಿನೈದು ಲಕ್ಷಕ್ಕೂ ಹೆಚ್ಚು ಜನರ ಕೈಯಲ್ಲಿ ಈ ಪತ್ರಗಳಿದ್ದವು. ಅವರಲ್ಲಿ ದೊಡ್ಡ ಶ್ರೀಮಂತರಷ್ಟೇ ಇರಲಿಲ್ಲ. ಶಾಲೆ ಮಾಸ್ತರರು, ಅಂಗಡಿಯವರು, ವಿಧವೆಯರು, ಮಗಳ ಮದುವೆಗೆ ಅಂತ ಕೂಡಿಟ್ಟವರು. ನನಗೆ ಹಾಳೆ ಮಾರಿದ ಅಜ್ಜ, ನಮ್ಮ ಅಜ್ಜಿಯ ಬೀರುವಿನಲ್ಲೂ ಒಂದು ಕಟ್ಟು ಇತ್ತು ಅಂದರು. ಮಗಳು ಅದನ್ನು ಕನ್ನಡಕ್ಕೆ ಹೇಳಿದಳು. 1996ರಲ್ಲಿ ರಷ್ಯಾ ಫ್ರಾನ್ಸಿಗೆ 40 ಕೋಟಿ ಡಾಲರ್ ಕೊಡಲು ಒಪ್ಪಿತು. ಹಂಚಿಕೊಂಡಾಗ ಒಬ್ಬೊಬ್ಬರಿಗೆ ಬಂದದ್ದು ಅಲ್ಪ. ಹಾಗಾಗಿ ಈಗ ಹಣ ಬರುತ್ತದೆ ಅನ್ನುವ ಆಸೆಯಿಂದ ಯಾರೂ ಇವನ್ನು ಕೊಳ್ಳಬೇಡಿ. ಓದುವುದಕ್ಕೆ ಕೊಳ್ಳಿ.

ಮತ್ತೆ ಒಂದು ಕೆಲಸ ಉಳಿದಿದೆ. ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿ. ನನ್ನ 1889ರ ಹಾಳೆಯಲ್ಲಿ ಅಂಚು ಬಹಳ ದೂರದವರೆಗೆ ನೇರವಾಗಿದೆ. ಗೆರೆಯ ಮೇಲೇ ಕತ್ತರಿ ಹೋಗಿದೆ. ಕೊನೆಯ ನಾಲ್ಕೈದು ಕೂಪನ್‌ಗಳ ಕಡೆ ಬಂದಾಗ ಕತ್ತರಿ ಓರೆಯಾಗಿದೆ, ಒಂದು ಕಡೆ ಮುಂದಿನ ಕೂಪನ್‌ನ ಅಂಕಿಯನ್ನೂ ಸ್ವಲ್ಪ ತಿಂದಿದೆ. ಕೈಗೆ ವಯಸ್ಸಾಗಿತ್ತೋ, ಬೇರೆ ಕೈ ಬಂದಿತ್ತೋ.